ಕರೆಂಟ್ ಕಟ್ಟೆಯ ಚಿದಾನಂದ

ನಮ್ಮೂರಿಗೆ ಬಂದವರಿಗೆ ನಾವು ಕೂಡ್ರಿ ಅನ್ನುವುದಿಲ್ಲ. ಬೇರೆ ಊರಿನವರು ಇದನ್ನು ಸೊಕ್ಕು ಅಂದುಕೊಳ್ಳುತ್ತಾರೆ. ಅಂದುಕೊಳ್ಳಲಿ. ಬೀಗರೇ ಬಂದರೂ ಕೈಗೆ ನೀರು ಕೊಟ್ಟು, ಬಂದ ಕೆಲಸ ಕೇಳಿ, ‘ಹೊತ್ತಾತು, ಹೊಂಡ್ರಿ’ ಅನ್ನುವುದೇ ಇಲ್ಲಿಯ ಮರ್ಯಾದೆ. ಬರುವ ದಾರಿ ಎಲ್ಲರಿಗೂ ಒಂದೇ. ಹೆದ್ದಾರಿಯ ಕ್ರಾಸಿನಲ್ಲಿ ಇಳಿದು ಎಲೆ ಅಡಿಕೆ ಬಾಯಿಗೆ ಹಾಕಿಕೊಂಡರೆ ಅದು ಕೆಂಪಾಗುವಷ್ಟರಲ್ಲಿ ಊರು. ಹೋಗುವ ದಾರಿ ಹಾಗಲ್ಲ. ಇಲ್ಲಿ ನೀವು ಎಷ್ಟು ಹೊತ್ತು ಉಳಿದಿರೋ ಅದಕ್ಕೆ ತಕ್ಕಂತೆ ಅದು ಉದ್ದವಾಗುತ್ತದೆ. ಬೆಳಗ್ಗೆ ಬಂದು ಮಧ್ಯಾಹ್ನ ಹೊರಟವರಿಗೆ ಏನೂ ಅನ್ನಿಸುವುದಿಲ್ಲ. ಒಂದು ರಾತ್ರಿ ಮಲಗಿದವರಿಗೆ ಕಾಲು ನೋಯುತ್ತದೆ. ವಾರ ಇದ್ದವರು ಬುತ್ತಿ ಕಟ್ಟಿಕೊಂಡು ಹೊರಡಬೇಕು. ಇಲ್ಲೇ ಹುಟ್ಟಿ ಇಲ್ಲೇ ಮುದುಕಾದವರ ದಾರಿ ಎಷ್ಟಿದೆಯೋ ಅವರೂ ನೋಡಿಲ್ಲ, ನೋಡುವ ಆಸೆಯೂ ಅವರಿಗಿಲ್ಲ.

ಒಮ್ಮೆ ಆಚೆ ಮುಟ್ಟಿಬಿಟ್ಟರೆ ಲೆಕ್ಕ ಮೊದಲಿನಿಂದ ಶುರು. ನಡುವೆ ಎಲ್ಲಾದರೂ ಬೇಸತ್ತು ಹಿಂದಕ್ಕೆ ತಿರುಗಿದಿರೋ, ಅದು ಬರುವ ದಾರಿಯಾಯಿತು. ನಾಲ್ಕು ಹೆಜ್ಜೆ ಇಡುವುದರೊಳಗೆ ನಮ್ಮೂರ ಅಗಸಿ ಬಾಗಿಲು ಎದುರಿಗೆ ನಿಂತಿರುತ್ತದೆ. ನಡೆದದ್ದೆಲ್ಲ ಹೊಳೆಯಲ್ಲಿ ಹುಣಸೆ ಹಣ್ಣು ತೊಳೆದಂತೆ. ಇನ್ನೊಂದು ಮಾತು. ಒಂದೇ ಗಾಡಿಯಲ್ಲಿ ಕೂತರೆ, ಯಾರು ಹೆಚ್ಚು ದಿನ ಉಳಿದಿದ್ದಾರೋ ಅವರ ದಾರಿಯೇ ಉಳಿದೆಲ್ಲರ ದಾರಿ. ಅದಕ್ಕೇ ನಮ್ಮೂರ ಬಸ್ಸಿನ ಕಂಡಕ್ಟರ್ ಎಲ್ಲಿಗೆ ಅಂತ ಕೇಳುವುದಿಲ್ಲ, ಬಂದು ಎಷ್ಟು ದಿನ ಆಯಿತು ಅಂತ ಕೇಳುತ್ತಾನೆ. ಎರಡು ರಾತ್ರಿ ಅಂದವರನ್ನು ಇಳಿಸುತ್ತಾನೆ.

ನಮ್ಮದು ಓಡಾಡುವ ಮನೆ. ಊರಿನಲ್ಲಿ ಒಂದು ಮನೆಯವರಾದರೂ ದಾರಿಯನ್ನು ಗಿಡ್ಡ ಇಟ್ಟುಕೊಂಡಿರಬೇಕು, ಇಲ್ಲದಿದ್ದರೆ ಔಷಧಿ, ಉಪ್ಪು, ಸುದ್ದಿ ತರುವವರು ಯಾರು? ಫೋನು ನಮ್ಮಲ್ಲಿ ಹತ್ತುವುದಿಲ್ಲ. ನಮ್ಮತ್ತೆ ನಡೆದು ಮಾಡಿದಳು, ನನ್ನ ಗಂಡ ಸೈಕಲ್ ಮೇಲೆ ಮಾಡಿದ. ಅವನು ಕಾಮಾಲೆಯಾಗಿ ಒಂದು ಮಳೆಗಾಲ ಪೂರ್ತಿ ಮಲಗಿದ ಮೇಲೆ ಅವನ ದಾರಿ ಕೈಮೀರಿ ಹೋಯಿತು. ಅಂದಿನಿಂದ ಮೂರು ಗಾಲಿಯ ಟಂಟಂ ಗಾಡಿ ನನ್ನದು, ಒಲೆ ಅವನದು. ನಾನು ಒಂದು ರಾತ್ರಿ ಮನೆಯಲ್ಲಿ ಮಲಗಿದರೆ ಮರುದಿನ ಕ್ರಾಸಿನ ಕೋಣೆಯಲ್ಲಿ ಮಲಗಬೇಕು. ಹಬ್ಬ ಇರಲಿ, ಮನೆಯಲ್ಲಿ ಸಾವೇ ಇರಲಿ. ಅವ್ವ ಸತ್ತ ಮರುದಿನವೇ ನಾನು ಗಾಡಿ ಹೊಡೆಯುತ್ತಿದ್ದೆ. ನಿಂಬೆವ್ವನ ಎದಿ ಕಲ್ಲು ಅಂದರು ಊರವರು. ಅಂದವರೇ ತಮ್ಮ ಬಿ.ಪಿ. ಗುಳಿಗೆ ತಂದೆಯಾ ಅಂತಲೂ ಕೇಳಿದರು.

ಊರ ಹಿಂದಿನ ಗುಡ್ಡದಲ್ಲಿ ಬಾರಿಸಿದರೆ ಗಂಟೆಯಂತೆ ನುಡಿಯುವ ಬಂಡೆಗಳಿವೆ. ಅವನ್ನು ನೋಡಲು ಮಂದಿ ಬರುತ್ತಾರೆ. ಮೊದಲೆಲ್ಲ ಪೆಟ್ರೋಲಿನ ಕಾರಿನಲ್ಲಿ ಬಂದು, ಕಲ್ಲು ಕುಟ್ಟಿ, ಫೋಟೋ ತೆಗೆದು ಹೋಗಿಬಿಡುತ್ತಿದ್ದರು. ಆಮೇಲೆ ಬ್ಯಾಟರಿ ಕಾರುಗಳು ಬಂದವು. ಬರುವಾಗ ದಾರಿ ಇಷ್ಟೇ ಅಲ್ಲವಾ ಅಂತ ಅವರು ಇದ್ದಷ್ಟೇ ಚಾರ್ಜಿನಲ್ಲಿ ಬರುತ್ತಿದ್ದರು. ಸಂಜೆಯವರೆಗೂ ಕಲ್ಲು ಕುಟ್ಟಿ ಹೊರಟರೆ ಗಾಡಿ ದಾರಿಯಲ್ಲಿ ನಿಲ್ಲುತ್ತಿತ್ತು. ತಿರುಗಿಸಿ ದೂಡಿದರೆ ಊರು ಅಲ್ಲೇ. ಹಿಟ್ಟಿನ ಗಿರಣಿಯ ಪ್ಲಗ್ಗಿಗೆ ವೈರು ಚುಚ್ಚಿ ರಾತ್ರಿಯಿಡೀ ಚಾರ್ಜ್ ಮಾಡುತ್ತಿದ್ದರು. ರಾತ್ರಿ ಉಳಿದದ್ದಕ್ಕೆ ದಾರಿ ಬೆಳೆದಿರುತ್ತಿತ್ತು. ಬೆಳೆದ ದಾರಿಗೆ ಆ ಚಾರ್ಜ್ ಸಾಲುತ್ತಿರಲಿಲ್ಲ. ಮತ್ತೆ ತಿರುಗುವುದು, ಮತ್ತೆ ಗಿರಣಿ. ಹೊಸದಾಗಿ ಮದುವೆಯಾಗಿ ಬಂದಿದ್ದ ಒಂದು ಜೋಡಿ ಹಾಗೇ ಸುತ್ತಿ ಸುತ್ತಿ ಈಗ ಅಗಸಿಯ ಹತ್ತಿರ ಮಂಡಕ್ಕಿ ಗಿರಮಿಟ್ ಅಂಗಡಿ ಹಾಕಿಕೊಂಡಿದೆ. ಚಲೋ ಮಾಡುತ್ತಾರೆ, ಖಾರ ಮಾತ್ರ ಕಡಿಮೆ.

ಇದನ್ನೆಲ್ಲ ನೋಡಿ ಪಂಚಾಯ್ತಿಯ ಪರೂತಗೌಡರು ಮೇಲಿನವರಿಗೆ ಬರೆದರು. ಬೇಗ ಚಾರ್ಜ್ ಆಗುವ ದೊಡ್ಡ ಯಂತ್ರ ಎರಡು ಬೇಕು, ಜಾಗ ನಾವು ಕೊಡುತ್ತೇವೆ ಅಂತ. ತಮ್ಮ ಹಳೆಯ ಕಣವನ್ನೇ ಬಿಟ್ಟುಕೊಟ್ಟರು. ಅಲ್ಲಿಗೆ ದಸರೆ ಮುಗಿದ ಮೇಲೆ ಗುತ್ತಿಗೆದಾರನ ಕಡೆಯಿಂದ ಬಂದವನು ಚಿದಾನಂದ. ಬ್ಯಾಟರಿಯದೇ ಒಂದು ಸರಕಿನ ಗಾಡಿ, ಅದರ ತುಂಬ ಕೇಬಲ್ಲು. ತೆಳ್ಳಗಿನ ಆಳು. ಮಾತಾಡುವಾಗ ಎದುರಿನವರ ಮುಖ ಬಿಟ್ಟು ಅವರ ಮನೆಯ ಮೀಟರ್ ಬೋರ್ಡ್ ನೋಡುತ್ತಿದ್ದ. ತಾಲೂಕಿನ ಊರಲ್ಲಿ ಬಾಡಿಗೆ ಮನೆ, ಮನೆಯಲ್ಲಿ ಹೆಂಡತಿ ಕಸ್ತೂರಿ ಮತ್ತು ಅವಳ ತಾಯಿ. ಕಸ್ತೂರಿ ಆಗ ಬಸುರಿ. ಹಿಂದಿನ ಸಲ ಹೊಟ್ಟೆಯಲ್ಲಿದ್ದದ್ದು ಉಳಿದಿರಲಿಲ್ಲ. ಆಗ ಇವನು ಯಾವುದೋ ದೂರದ ಊರಲ್ಲಿ ಕಂಬ ನಿಲ್ಲಿಸುತ್ತಿದ್ದನಂತೆ. ಸುದ್ದಿ ತಿಳಿದು ಹೋಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಈ ಸಲ ಬಾಗಿಲಲ್ಲೇ ಇರುತ್ತೇನೆ ಅಂತ ಹೆಂಡತಿಗೆ ಮಾತು ಕೊಟ್ಟಿದ್ದ. ಇದನ್ನು ಅವನೇ ನನಗೆ ಮೊದಲ ದಿನ ಹೇಳಿದ.

ಮೊದಲ ಕೆಲವು ದಿನ ಸಂಜೆಯಾದರೆ ಹೊರಟು ಬೆಳಗ್ಗೆ ಬರುತ್ತಿದ್ದ. ಆಮೇಲೆ ತಾಮ್ರದ ಕೇಬಲ್ಲು ಕಣದಲ್ಲಿ ಬಿಚ್ಚಿ ಹಾಕಿದರು, ಟ್ರಾನ್ಸ್‌ಫಾರ್ಮರ್ ಬರಲಿಲ್ಲ. ನಾನು ಕೈ ಮುಗಿದು ಹೇಳಿದೆ, ತಮ್ಮಾ, ಕ್ರಾಸಿನಾಗ ಮಲಗು, ಇಲ್ಲಿ ಮಲಗಬ್ಯಾಡ ಅಂತ. ಅವನು ನಕ್ಕ.

‘ಕೇಬಲ್ ಬಿಟ್ಟು ಹೆಂಗ ಹೋಗ್ಲಿ ಅಕ್ಕಾರ? ಕಳುವಾದ್ರ ನನ್ನ ತಲಿ ಮ್ಯಾಲೆ ಬರತೈತಿ. ದಾರಿ ಎಲ್ಲರೆ ಬೆಳಿತದೇನ್ರಿ, ಅದೇನು ಕುಂಬಳ ಬಳ್ಳಿ ಏನು?’

ನಮ್ಮೂರಲ್ಲಿ ಕೇಬಲ್ ಕದಿಯುವವರಿಲ್ಲ. ಕದ್ದರೆ ಎಲ್ಲಿಗೆ ಹೊತ್ತುಕೊಂಡು ಹೋಗಿ ಮಾರುತ್ತಾರೆ? ಅದನ್ನೂ ಹೇಳಿದೆ. ಗುತ್ತಿಗೆದಾರನ ಮಾತು ಅವನ ಕಿವಿಯಲ್ಲಿತ್ತು, ನನ್ನದು ಹೋಗಲಿಲ್ಲ. ಕಣದಲ್ಲೇ ತಗಡು ಹಾಕಿಕೊಂಡು ಉಳಿದ. ಬುನಾದಿಗೆ ಕಾಂಕ್ರೀಟ್ ಹಾಕಿದರು, ಅದಕ್ಕೆ ನೀರು ಹೊಡೆಯಲು ಉಳಿದ. ಊರವರು ಪಂಪು, ಮಿಕ್ಸರು, ಟಾರ್ಚು ತಂದು ಮುಂದಿಟ್ಟರು. ಒಂದಕ್ಕೂ ಇಲ್ಲ ಅನ್ನಲಿಲ್ಲ. ನಮ್ಮೂರವರ ಬುದ್ಧಿ ನನಗೆ ಗೊತ್ತು. ಬಂದವರಿಗೆ ಹೊಂಡ್ರಿ ಅನ್ನುವವರು ಇವನಿಗೆ ಮಾತ್ರ ಅನ್ನುವುದನ್ನು ಬಿಟ್ಟರು. ಕರೆಂಟಿನ ಕೆಲಸ ಬಲ್ಲವನೊಬ್ಬ ಊರಲ್ಲಿದ್ದರೆ ಯಾರಿಗೆ ಬೇಡ? ನನ್ನ ಗಂಡನೇ ಅವನಿಗೆ ದಿನಾ ರೊಟ್ಟಿ ಕೊಟ್ಟು ಕಳಿಸುತ್ತಿದ್ದ. ನನಗೆ ಸಿಟ್ಟು ಬರುತ್ತಿತ್ತು.

ಕಸ್ತೂರಿಗೆ ಏಳು ತಿಂಗಳಾಗಿ ಸೀಮಂತದ ಕುಬಸಕ್ಕೆ ದಿನ ಗೊತ್ತಾಯಿತು. ಸುದ್ದಿ ತಂದವಳು ನಾನೇ. ಚಿದಾನಂದ ಹೊಸ ಅಂಗಿ ಹಾಕಿಕೊಂಡು, ಹಸಿರು ಸೀರೆಗೆ ಅಂತ ನನ್ನ ಕೈಯಲ್ಲಿ ಮೊದಲೇ ದುಡ್ಡು ಕೊಟ್ಟು ಕಳಿಸಿ, ತನ್ನ ಗಾಡಿಯಲ್ಲಿ ಹೊರಟ. ಮುಸ್ಸಂಜೆಗೆ ಹಿಂದೆ ಬಂದು ನಮ್ಮ ಕಟ್ಟೆಯ ಮೇಲೆ ಕೂತ. ಬ್ಯಾಟರಿ ಅರ್ಧಕ್ಕೆ ಇಳಿಯಿತು, ಕಾಲು ಭಾಗಕ್ಕೆ ಇಳಿಯಿತು, ಕ್ರಾಸಿನ ಗುರುತೂ ಕಾಣಲಿಲ್ಲ, ಹೆದರಿಕೆಯಾಗಿ ತಿರುಗಿಸಿದೆ, ಸ್ಟಿಯರಿಂಗ್ ನೆಟ್ಟಗಾಗುವಷ್ಟರಲ್ಲಿ ಅಗಸಿ ಬಂತು ಅಂದ. ಅವನಿಗೆ ಆಗ ಅರ್ಥವಾಯಿತು. ಒಂದು ತಂಬಿಗೆ ನೀರು ಕುಡಿದ. ನನ್ನ ಗಂಡ ಒಳಗಿಂದ ಊಟಕ್ಕೆ ಕರೆದ, ನಾನು ಸುಮ್ಮನಿರು ಅಂದೆ.

ಅಂದಿನಿಂದ ಅವನ ಬದುಕು ಗಾಣದ ಎತ್ತಿನದಾಯಿತು. ಗಾಡಿಯಲ್ಲಿ ಉಳಿದದ್ದು ಚೂರು ಚಾರ್ಜ್. ಗಿರಣಿಯ ಪ್ಲಗ್ಗಿನಿಂದ ಆ ಸರಕಿನ ಗಾಡಿ ತುಂಬಲು ದಿನಗಳೇ ಬೇಕು. ಬೇಗ ತುಂಬಬೇಕಾದರೆ ಯಂತ್ರ ನಿಲ್ಲಬೇಕು, ಯಂತ್ರ ನಿಲ್ಲಬೇಕಾದರೆ ಟ್ರಾನ್ಸ್‌ಫಾರ್ಮರ್ ಬರಬೇಕು, ಅದು ಬರುವವರೆಗೆ ಕಾಯಬೇಕು, ಕಾದಷ್ಟು ದಾರಿ ಬೆಳೆಯುತ್ತದೆ. ನಡೆದೇ ಹೋಗು ಅಂತ ಕೆಲವರು ಅಂದರು. ಗಾಡಿಯ ದಾರಿ ಇಷ್ಟಿದ್ದರೆ ಕಾಲಿನ ದಾರಿ ಎಷ್ಟು ದಿನದ್ದೋ, ಗಾಡಿ ತುಂಬಿಸಿಕೊಂಡರೆ ಮುಕ್ಕಾಲು ಪಾಲಾದರೂ ಬೇಗ ಕಳೆಯುತ್ತದೆ ಅನ್ನುವುದು ಅವನ ಲೆಕ್ಕ. ತಪ್ಪು ಲೆಕ್ಕ ಅಲ್ಲ. ಟ್ರಾನ್ಸ್‌ಫಾರ್ಮರ್ ಮಾತ್ರ ಅವನ ಲೆಕ್ಕಕ್ಕೆ ಬರಲಿಲ್ಲ.

ನಾನು ಎರಡು ದಿನಕ್ಕೊಮ್ಮೆ ಕಸ್ತೂರಿಯ ಮನೆಗೆ ಹೋಗಿ ಗಂಡನ ಸುದ್ದಿ ಹೇಳುತ್ತಿದ್ದೆ, ಅವಳ ಸುದ್ದಿ ಇವನಿಗೆ ತರುತ್ತಿದ್ದೆ. ನಮ್ಮ ಮನೆಯವರಿಗೆ ಒಂದೇ ಒಂದು ನೇಮ: ಸುದ್ದಿಗೆ ಉಪ್ಪು ಖಾರ ಹಚ್ಚಬಾರದು, ಇದ್ದದ್ದನ್ನು ಇದ್ದಂತೆ ಮುಟ್ಟಿಸಬೇಕು. ಕಾಲು ಬಾತಿವೆ ಅಂದರೆ ಬಾತಿವೆ ಅಂತಲೇ ಹೇಳಿದೆ. ಅವನು ಅತ್ತ ಅಂದರೆ ಅತ್ತ ಅಂತಲೇ ಹೇಳಿದೆ. ಒಂದು ದಿನ ಕಸ್ತೂರಿ ನನ್ನನ್ನು ನೇರ ಕೇಳಿದಳು.

‘ನಿಮ್ಮ ಗಾಡ್ಯಾಗ ಕೂಡ್ರಿಸಿಕೊಂಡು ಬರ್ಲಿಕ್ಕೆ ಏನಾಗೇತ್ರಿ ನಿಮಗ?’

ನಾನೂ ನೇರ ಹೇಳಿದೆ. ಅವನು ಕೂತರೆ ಅವನ ದಾರಿ ನನ್ನದಾಗುತ್ತದೆ. ನನ್ನ ಟಾಕಿಯ ಡೀಸೆಲ್ಲಿಗೆ ಅದು ಮುಗಿಯುವುದಿಲ್ಲ. ನಾನು ಅಷ್ಟು ದಿನ ಬರದಿದ್ದರೆ ಊರಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರಿದ್ದಾರೆ, ಮೂರ್ಛೆ ರೋಗದ ಗುಳಿಗೆಯವರಿದ್ದಾರೆ. ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೇಳಿಸಿಕೊಂಡಳು. ಹಾಗಾದರೆ ನನ್ನನ್ನೇ ಊರೊಳಗೆ ಕರೆದುಕೊಂಡು ಹೋಗಿ ಅಂದಳು. ನಾನು ಅದನ್ನೂ ಒಲ್ಲೆ ಅಂದೆ. ಒಳಗೆ ಬಂದು ಹೆತ್ತರೆ ಬಾಣಂತಿಯಾಗಿ ಮಲಗಬೇಕು, ಎಬ್ಬಿಸಿ ಹೊರಡಿಸಲು ಆಗುವುದಿಲ್ಲ. ಆಮೇಲೆ ಮೂವರೂ ಗಿರಮಿಟ್ ಅಂಗಡಿಯವರ ಪಕ್ಕ ಮನೆ ಹುಡುಕಬೇಕು. ಈ ಮಾತನ್ನು ಚಿದಾನಂದನಿಗೆ ತಿಳಿಸಿದಾಗ ಅವನು ನನ್ನ ಕಾಲು ಮುಟ್ಟಲು ಬಂದ.

‘ಕರಕೊಂಡು ಬರಬ್ಯಾಡ್ರಿ ಅಕ್ಕಾರ. ಬಾಗಿಲಾಗ ನಾ ಇರತೀನಿ ಅಂದೀನಿ. ನಾನ ಹೋಗಬೇಕು.’

ಟ್ರಾನ್ಸ್‌ಫಾರ್ಮರ್ ಬಂದ ಮೇಲೆ ಅವನು ಹಗಲು ಪೂರ್ತಿ ಕೆಲಸದ ಮೇಲಿಂದ ಏಳಲಿಲ್ಲ. ಎರಡೂ ಯಂತ್ರ ನಿಂತವು, ಹಸಿರು ದೀಪ ಹತ್ತಿತು. ಮೊದಲು ಚಾರ್ಜ್ ಆದದ್ದು ಅವನದೇ ಗಾಡಿ. ಅದು ತುಂಬುವವರೆಗೂ ಅವನು ಕೂಡದೆ ಸುತ್ತು ಹಾಕುತ್ತಿದ್ದ. ಊರವರು ಬುತ್ತಿ ತಂದರು: ಒಣಗಿಸಿದ ಕಟಕ ರೊಟ್ಟಿ ಒಂದು ಹೊರೆ, ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ ಅಂತ ಚಟ್ನಿಪುಡಿ, ಉಪ್ಪಿನಕಾಯಿ. ಉಳಿಸಿಕೊಂಡವರೇ ಈಗ ಸೆರಗಿನಿಂದ ಕಣ್ಣು ಒರೆಸಿಕೊಂಡರು. ನನಗೆ ನಗು ಬಂತು, ಸಿಟ್ಟೂ ಬಂತು. ಚಾರ್ಜ್ ಎಲ್ಲಿ ಮುಗಿಯುತ್ತದೋ ಅಲ್ಲಿ ಗಾಡಿ ಬಿಟ್ಟು ನಡೆಯುತ್ತೇನೆ ಅಂದ. ಹಿಂದಕ್ಕ ತಿರುಗಬ್ಯಾಡ, ಯಾರು ಕರೆದಂಗ ಆದರೂ ತಿರುಗಬ್ಯಾಡ ಅಂತ ನಾನು ಹೇಳಿದೆ. ಅವನು ಹೊರಟಾಗ ಯಾರೂ ಹಿಂದಿನಿಂದ ಒಂದು ಮಾತೂ ಆಡಲಿಲ್ಲ.

ಮರುದಿನ ದೊಡ್ಡವರು ಬಂದು ರಿಬ್ಬನ್ ಕತ್ತರಿಸಿದರು. ಅವರಿಗೆ ಯಾರೋ ಹೇಳಿದ್ದರು ಕಾಣುತ್ತದೆ, ಚಹಾ ಕುಡಿಯಲಿಲ್ಲ, ಹಾರವನ್ನೂ ಕಾರಿನಲ್ಲೇ ಹಾಕಿಸಿಕೊಂಡರು. ಊರವರು ಆ ಜಾಗಕ್ಕೆ ಕರೆಂಟ್ ಕಟ್ಟೆ ಅಂತ ಹೆಸರಿಟ್ಟರು. ಕಾರಿನವರು ಚಾರ್ಜಿಗೆ ಹಚ್ಚಿ ಗಿರಮಿಟ್ ತಿನ್ನುತ್ತಾರೆ. ನೂರಕ್ಕೆ ನೂರು ತುಂಬಿಸಬೇಕು ಅಂತ ಹಟ ಹಿಡಿಯುವವರಿಗೆ ಪರೂತಗೌಡರೇ ನಿಂತು, ಮುಕ್ಕಾಲು ಆತಲ್ಲ, ಹೊಂಡ್ರಿ, ಆಸೆ ಮಾಡಿದ್ರ ಕೆಡತೀರಿ ಅಂತ ಬೈದು ಕಳಿಸುತ್ತಾರೆ.

ಚಿದಾನಂದ ಹೋದ ಮೇಲೆ ನಾನು ಪ್ರತಿ ಸಲ ಕಸ್ತೂರಿಗೆ ಹೇಳುತ್ತಿದ್ದದ್ದು ಒಂದೇ ಮಾತು. ತಿರುಗಿ ಬಂದಿಲ್ಲ. ಬೇರೆ ಊರಲ್ಲಿ ಇಂಥ ಮಾತು ಕೇಳಿದರೆ ಹೆಂಡತಿಯಾದವಳು ಅಳುತ್ತಾಳೆ. ಕಸ್ತೂರಿಯ ಮುಖ ಅರಳುತ್ತಿತ್ತು. ತಿರುಗಿ ಬಂದಿಲ್ಲ ಅಂದರೆ ಮುಂದೆ ಬರುತ್ತಿದ್ದಾನೆ. ಒಳಗೂ ಇಲ್ಲ, ಹೊರಗೂ ಇಲ್ಲ, ಅವನ ದಾರಿಯಲ್ಲಿ ಅವನಿದ್ದಾನೆ. ಅದೇ ದಾರಿಯಲ್ಲಿ ನಾನು ಓಡಾಡುತ್ತಿದ್ದೆ, ಒಂದು ಸಲವೂ ಎದುರಾಗಲಿಲ್ಲ. ಒಬ್ಬರ ದಾರಿ ಇನ್ನೊಬ್ಬರಿಗೆ ಕಾಣುವುದಿಲ್ಲ.

ಹೆರಿಗೆಯ ದಿನ ನಾನು ಆಸ್ಪತ್ರೆಯಲ್ಲಿದ್ದೆ. ಬೇಕಂತ ಅಲ್ಲ, ಔಷಧಿ ಒಯ್ಯಲು ಹೋದಾಗ ಅವಳ ತಾಯಿ ಸಿಕ್ಕಳು. ಬಾಗಿಲಲ್ಲಿ ನಾನು ನಿಂತೆ. ಹೆಣ್ಣು ಕೂಸು ಹುಟ್ಟಿತು, ಗಟ್ಟಿಯಾಗಿ ಅತ್ತಿತು, ತಾಯಿಯೂ ಉಳಿದಳು. ಕಸ್ತೂರಿ ಕಣ್ಣು ಬಿಟ್ಟು ಬಾಗಿಲ ಕಡೆ ನೋಡಿ, ನನ್ನ ಮುಖ ಕಂಡು, ಮುಖ ಆಚೆ ತಿರುಗಿಸಿದಳು. ನನಗೆ ಅದು ತಾಗಿತು. ತಾಗಲಿಲ್ಲ ಅಂದರೆ ಸುಳ್ಳಾಗುತ್ತದೆ. ತೊಟ್ಟಿಲು ಹಾಕಲು ಅಪ್ಪ ಬರಲಿ ಅಂದಳು. ಹದಿಮೂರು ದಿನಕ್ಕೆ ಹಾಕಬೇಕಾದ ತೊಟ್ಟಿಲು ಹಾಕಲಿಲ್ಲ. ಕೂಸು ಹೆಸರಿಲ್ಲದೆ ಬೆಳೆಯಿತು, ನಗಲು ಕಲಿಯಿತು, ಮಗ್ಗುಲಾಯಿತು. ಅವಳ ತಾಯಿ ಒಮ್ಮೆ ಅಡುಗೆ ಮನೆಗೆ ನನ್ನನ್ನು ಕರೆದು, ಅವ ಜೀವಂತ ಅದಾನೇನವ್ವ ಅಂತ ಕೇಳಿದಳು. ಗೊತ್ತಿಲ್ಲ ಅಂದೆ. ಗೊತ್ತಿರಲಿಲ್ಲ.

ಬಿಸಿಲು ಬಲಿತ ಹೊತ್ತಿಗೆ ಕರೆಂಟ್ ಕಟ್ಟೆಯ ಒಂದು ಯಂತ್ರ ಕೈಕೊಟ್ಟಿತು. ರಜೆಯ ದಿನಗಳು, ಕಾರುಗಳ ಸಾಲು ಗಿರಣಿಯವರೆಗೆ. ಒಂದೇ ಯಂತ್ರಕ್ಕೆ ಕಾದವರ ದಾರಿ ಬೆಳೆಯತೊಡಗಿತು, ಜಗಳಗಳಾದವು. ಗುತ್ತಿಗೆದಾರನ ಹೊಸ ಆಳು ಬಂದು, ಗಾಡಿಯಿಂದ ಅರ್ಧ ಇಳಿದು ನೋಡಿ, ಇದರ ವೈರಿಂಗ್ ಮಾಡಿದವನೇ ಬೇಕು ಅಂತ ಹೇಳಿ ಹೋದ. ಪರೂತಗೌಡರು ನನ್ನನ್ನು ಕರೆಸಿದರು. ಚಿದಾನಂದ ಮನೆ ಮುಟ್ಟಿದ್ದರೆ ಅರ್ಧ ದಿನದ ಮಟ್ಟಿಗೆ ಕರೆದುಕೊಂಡು ಬಾ, ಬೆಳಗ್ಗೆ ಬಂದು ಮಧ್ಯಾಹ್ನ ಹೋಗಲಿ, ಏನೂ ಆಗುವುದಿಲ್ಲ ಅಂದರು. ಅವರ ಸುತ್ತ ನಿಂತಿದ್ದವರು ತಮ್ಮ ತಮ್ಮ ಮನೆಯ ಕೆಟ್ಟ ಸಾಮಾನನ್ನೂ ನೆನೆಸಿಕೊಳ್ಳುತ್ತಿದ್ದರು. ಒಂದು ಪಂಪು, ಒಂದು ಫ್ಯಾನು. ನಾನು ಅವರ ಮುಖಗಳನ್ನು ನೋಡಿದೆ.

ಮರುದಿನ ಕಸ್ತೂರಿಯ ಮನೆಯ ಮುಂದೆ ಗಾಡಿ ನಿಲ್ಲಿಸಿದಾಗ ಬಾಗಿಲಲ್ಲಿ ಗಂಡಸಿನ ಚಪ್ಪಲಿ ಇದ್ದವು. ಚಪ್ಪಲಿ ಅನ್ನಬಾರದು, ಟಯರಿನ ತುಂಡಿಗೆ ಕೇಬಲ್ಲಿನ ತೊಗಟೆ ಕಟ್ಟಿದ್ದು. ಒಳಗೆ ಚಿದಾನಂದ ಗೋಡೆಗೆ ಒರಗಿ ಕೂತಿದ್ದ. ಹಿಂದಿನ ದಿನ ಮುಟ್ಟಿದನಂತೆ. ಗಡ್ಡ ಎದೆಗೆ ಬಂದಿತ್ತು. ಕಾಲಿಗೆ ಅತ್ತೆ ಅರಿಶಿಣ ಎಣ್ಣೆ ಹಚ್ಚಿ ಬಟ್ಟೆ ಸುತ್ತಿದ್ದಳು. ಕೂಸನ್ನು ಅವನ ತೊಡೆಯ ಮೇಲೆ ಕೂಡಿಸಲು ಕಸ್ತೂರಿ ನೋಡುತ್ತಿದ್ದಳು. ಅದು ಗಡ್ಡ ನೋಡಿ ಕಿಟಾರನೆ ಕಿರುಚಿ ತಾಯಿಯ ಕುತ್ತಿಗೆ ತಬ್ಬುತ್ತಿತ್ತು. ಕಸ್ತೂರಿ ಮತ್ತೆ ಬಿಡಿಸಿ ಕೂಡಿಸುತ್ತಿದ್ದಳು. ಅವನು ಕೈ ಚಾಚುತ್ತಿರಲಿಲ್ಲ. ಅಂಗೈ ಮೇಲೆ ಮಾಡಿ ತೊಡೆಯ ಮೇಲೆ ಇಟ್ಟುಕೊಂಡು, ಅದು ತಾನಾಗಿ ಬರಲಿ ಅಂತ ಕಾಯುತ್ತಿದ್ದ.

ನನ್ನನ್ನು ನೋಡಿ ಅವನು ಏಳಲು ಹೋದ. ಆಗಲಿಲ್ಲ. ಕೂಡ್ರಿ ಅಕ್ಕಾರ ಅಂದಳು ಕಸ್ತೂರಿ. ನಾನು ಹೊಸ್ತಿಲಲ್ಲೇ ನಿಂತೆ.

‘ಕಟ್ಟಿ ನಡದೈತೇನ್ರಿ?’ ಅಂತ ಕೇಳಿದ ಅವನು. ‘ಎರಡೂ ಚಲೋ ಅದಾವ?’

ಆ ಎರಡು ಯಂತ್ರಗಳ ಸಲುವಾಗಿ ಅವನು ಕಳಕೊಂಡದ್ದು ಅವನ ಎದುರಿಗೇ ಅವ್ವನ ಕುತ್ತಿಗೆ ಹಿಡಿದು ಅಳುತ್ತಿತ್ತು. ಕೆಟ್ಟಿದೆ ಅಂದರೆ ಬರುತ್ತಿದ್ದ. ಆ ಕಾಲಿನಲ್ಲಿ ಬರುತ್ತಿದ್ದ. ಮಧ್ಯಾಹ್ನ ಹೊರಡುತ್ತೇನೆ ಅಂತಲೇ ಬಂದು, ಇಷ್ಟು ಮುಗಿಸಿಬಿಡುತ್ತೇನೆ ಅನ್ನುತ್ತಿದ್ದ, ಯಾರೋ ಒಬ್ಬರು ಫ್ಯಾನು ತರುತ್ತಿದ್ದರು, ನನ್ನ ಗಂಡ ರೊಟ್ಟಿ ತರುತ್ತಿದ್ದ.

‘ಚಲೋ ನಡದಾವ’ ಅಂದೆ. ಕಸ್ತೂರಿ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿದಳು. ಅವಳಿಗೆ ತಿಳಿಯಿತು ಅಂತ ನನಗನ್ನಿಸಿತು. ತೊಟ್ಟಿಲು ಹಾಕುವಾಗ ಬರ್ರಿ ಅಂದಳು. ಬರತೀನಿ ಅಂದು ಗಾಡಿ ಹತ್ತಿದೆ. ಆ ರಾತ್ರಿ ಕ್ರಾಸಿನಲ್ಲಿ ಮಲಗುವ ಸರದಿ, ಮಲಗಿದೆ, ನಿದ್ದೆಯೂ ಬಂತು.

ಬೆಳಗ್ಗೆ ಊರಿಗೆ ಬಂದಾಗ ಪರೂತಗೌಡರು ಕಟ್ಟೆಯಲ್ಲೇ ಇದ್ದರು. ಕೆಟ್ಟ ಯಂತ್ರಕ್ಕೆ ಗೋಣಿಚೀಲ ಹೊದಿಸಿದ್ದರು. ಸಾಲಿನಲ್ಲಿ ನಿಂತ ಕಾರುಗಳಲ್ಲಿ ಒಂದರೊಳಗೆ ಒಬ್ಬ ಹೆಂಗಸು ಕೂಸಿಗೆ ಬೀಸಣಿಗೆ ಬೀಸುತ್ತಿದ್ದಳು. ನಿನ್ನೆ ಬಂದವರಂತೆ, ಅವರ ದಾರಿ ಆಗಲೇ ಬೆಳೆದಿತ್ತು. ಅವಳನ್ನು ನೋಡಿ ನನ್ನ ಮನಸ್ಸು ಒಂದು ಗಳಿಗೆ ಹೊಯ್ದಾಡಿತು. ಊರ ಮಂದಿಯೆಲ್ಲ ಸುತ್ತ ಸೇರಿದರು, ನನ್ನ ಗಂಡನೂ ಹಿಟ್ಟಿನ ಕೈಯಲ್ಲೇ ಬಂದ.

‘ಮುಟ್ಟಿದನೇನವಾ ನಿಂಬೆವ್ವ?’ ಅಂದರು ಗೌಡರು.

‘ಇಲ್ರಿ ಗೌಡ್ರ’ ಅಂದೆ. ‘ಇನ್ನೂ ದಾರ್ಯಾಗ ಅದಾನ.’

ಯಾರೂ ಅನುಮಾನ ಪಡಲಿಲ್ಲ. ಪಾಪ, ಎಷ್ಟುದ್ದ ಐತೋ ಅವನ ದಾರಿ, ಎಲ್ಲಾ ನಮ್ಮ ಸಲುವಾಗಿ ಅಂತ ಗೌಡರು ತಲೆಯ ರುಮಾಲು ತೆಗೆದು ಮುಖ ಒರೆಸಿಕೊಂಡರು. ಹೆಂಗಸರು ಚ್ ಚ್ ಅಂದರು. ಬೀಸಣಿಗೆಯ ಹೆಂಗಸನ್ನು ಸಾಲಿನ ಮುಂದಕ್ಕೆ ಬಿಡಿಸಿದೆ, ಅದಕ್ಕೂ ಜಗಳವಾಯಿತು. ಆಮೇಲೆ ಔಷಧಿಗಳನ್ನು ಮನೆ ಮನೆಗೆ ಹಂಚಿ ಬಂದೆ.